ಮಂಗಳವಾರ ಮೂರು ಗಂಟೆಗೆ ನೋಡಿದ ಮನೆ

ಜೋಗೇಶ್ವರಿಯಲ್ಲಿ ಹೊಸ ಬಿಲ್ಡಿಂಗ್ ಎದ್ದಿತ್ತು. ಕರೆಂಟು ಕಡಿಮೆ ತಿನ್ನುವ ಮನೆಗಳು, ಬೇಸಿಗೆಯಲ್ಲೂ ತಂಪು ಎಂದು ಬೋರ್ಡು ಹಾಕಿದ್ದರು. ಮಗಳಿಗೆ ಹತ್ತನೆಯ ಮಹಡಿಯ ಪಡುವಣ ಮನೆ ಹಿಡಿಸಿತು. ಅವಳು ಇಪ್ಪತ್ತು ವರ್ಷ ಆಫೀಸಿನಲ್ಲಿ ದುಡಿದು ಉಳಿಸಿದ್ದೆಲ್ಲ ಅದಕ್ಕೇ ಹೋಗಬೇಕು. ತಪ್ಪಿದರೆ ಇನ್ನೊಂದು ಮನೆ ಈ ಜನ್ಮದಲ್ಲಿ ಇಲ್ಲ.

ನಮ್ಮ ವಿಜಯಪುರದ ಮಂದಿ ಮನೆ ನೋಡಲು ಹೋಗುವುದಕ್ಕೂ ಗಳಿಗೆ ಕೇಳುತ್ತಾರೆ. ನಾವೂ ಕೇಳಿಕೊಂಡು ಬೆಳಗ್ಗೆ ಎಂಟಕ್ಕೆ ಹೋಗಿದ್ದೆವು. ಗಾಳಿ, ನೆರಳು, ಎಲ್ಲ ಚೆಂದವೇ. ಮಗಳು ಕುಣಿಯುವುದೊಂದು ಬಾಕಿ. ನಾನು ಬೈಕುಲ್ಲಾ ಮಾರ್ಕೆಟ್ಟಿನಲ್ಲಿ ಮೂವತ್ತು ವರ್ಷ ರೊಟ್ಟಿ ಸುಟ್ಟವಳು. ತಣ್ಣಗಿರುವ ಹಂಚು ಮುಟ್ಟಿ ನೋಡಿ ಯಾರೂ ಹಿಟ್ಟು ಬಡಿಯುವುದಿಲ್ಲ.

"ಮಂಗಳವಾರ ಮೂರಕ್ಕ ಮತ್ತ ಬರೂಣು," ಎಂದೆ.

"ಅವ್ವಾ, ಪಾಗಲ್ ಆಗೀಯೇನ? ಮಂಗಳವಾರ, ಅದರಾಗ ರಾಹುಕಾಲ!"

"ರಾಹು ಬಂದ್ರ ಅವಗೂ ಮನಿ ತೋರಸೂಣು."

ಮನೆ ತೋರಿಸುವಾತ ಉಡುಪಿಯವನು. ಅಂದು ಲಿಫ್ಟಿನಲ್ಲೇ ಗೊಣಗಿದ: "ಎಂತ ಅಜ್ಜೀ, ಈ ಹೊತ್ತಿಗೆ ಯಾರೂ ಬರುದಿಲ್ಲ ಮಾರಾಯ್ರೆ. ಗ್ರೀನ್ ಬಿಲ್ಡಿಂಗ್ ಇದು, ಮೇಲೆ ಸೋಲಾರ್ ಉಂಟು."

"ಸೋಲಾರ್ ಲಿಫ್ಟಿಗಾತು. ನನಗ ಗೋಡಿ ತೋರಸು."

ಹಾಲ್‌ನ ಪಡುವಣ ಗೋಡೆಗೆ ಅಂಗೈ ಇಟ್ಟೆ, ತೆಗೆದೆ. ಕಿಟಕಿಯೋ ನೆಲದಿಂದ ಸೂರಿನವರೆಗೆ ಬರೀ ಗಾಜು.

"ಇಲ್ಲಿ ಒಲಿ ಬ್ಯಾಡ. ಗೋಡಿಗೆ ಹಚ್ಚಿದ್ರ ರೊಟ್ಟಿ ಬೇಯ್ತದ."

ಮಗಳು ನಗಲಿಲ್ಲ. ಅವಳನ್ನು ಅದೇ ಗೋಡೆಗೆ ಬೆನ್ನು ಕೊಟ್ಟು ಕೂರಿಸಿದೆ. ಹತ್ತು ನಿಮಿಷಕ್ಕೆ ಎದ್ದಳು, ಕುಪ್ಪಸ ಒದ್ದೆ. ಅದೇ ಮಹಡಿಯ ಬಡಗಣ ಮನೆ ತೆಗೆಸಿದೆ. ಗೋಡೆ ತಣ್ಣಗಿತ್ತು. ಎದುರುಬದುರು ಎರಡು ಕಿಟಕಿ, ನಡುವೆ ಗಾಳಿ.

"ಇಲ್ಲಿಂದ ಏನ್ ಕಾಣ್ತದ, ಅವ್ವಾ? ಬಾಜೂ ಬಿಲ್ಡಿಂಗ್ ಮಂದಿ ಚಡ್ಡಿ!"

"ನೋಡಬ್ಯಾಡ. ಉಸುರಾಡು."

ಆ ಮನೆ ಯಾರೂ ಕೇಳಿರಲಿಲ್ಲವಂತೆ. ಮಗಳು ಎರಡು ದಿನ ನನ್ನೊಡನೆ ಮಾತು ಬಿಟ್ಟಳು. ಮೂರನೆಯ ದಿನ ಅದಕ್ಕೇ ಸಹಿ ಹಾಕಿದಳು.

ಎರಡು ಬೇಸಿಗೆ ಕಳೆದವು. ನಮ್ಮ ಫ್ಯಾನು ಎರಡನೆಯ ಸ್ಪೀಡು ದಾಟಿಲ್ಲ. ಪಡುವಣ ಮನೆಯನ್ನು ಕೊಂಡವರು ಗಾಜಿಗೆ ಕಪ್ಪು ಕಾಗದ ಅಂಟಿಸಿ, ಹಗಲಲ್ಲೇ ದೀಪ ಹಾಕಿಕೊಂಡು ಕೂತಿದ್ದಾರೆ.