ಕಪ್ಪೆಗೆ ಬಲಗೈ ತುತ್ತು

ಕಪ್ಪೆಗಳನ್ನು ತಕ್ಕಡಿಯಲ್ಲಿ ತೂಗಿದ ಹಾಗೆ ಅನ್ನುತ್ತಾರಲ್ಲ, ಒಂದನ್ನು ಕೂರಿಸುವಷ್ಟರಲ್ಲಿ ಇನ್ನೊಂದು ಹಾರುತ್ತದೆ ಅಂತ. ನಾವು ನೆಲೆಸಿರುವ ಪರದೇಶದ ಊರು ಲುಂಡ್‌ನ ಪ್ರಾಣಿವೈದ್ಯರ ತಕ್ಕಡಿಯಲ್ಲಿ ನಮ್ಮ ಮುದಿ ಕಪ್ಪೆ ಅಲುಗಾಡದೆ ಕೂತಿತ್ತು. ನನಗೆ ಭಯವಾದದ್ದು ಆಗಲೇ.

ಅದು ಮಗಳು ಸಾಕಿದ ನೆಲಗಪ್ಪೆ. ಶಾಲೆಗೆ ಹೋಗುವ ಕಾಲದಲ್ಲಿ ಹಠ ಹಿಡಿದು ತರಿಸಿಕೊಂಡವಳು ಈಗ ಓದಲು ದೂರದ ಉಮೆಯೊ ಊರಿಗೆ ಹೋಗಿದ್ದಾಳೆ. ಕಪ್ಪೆ ಗಾಜಿನ ಪೆಟ್ಟಿಗೆ ಸಮೇತ ನನ್ನ ಪಾಲಿಗೆ ಬಂತು. ಮೊಟ್ಟೆಯೂ ಬಾರದ ಮನೆಗೆ ಜೀವಂತ ಮಿಡತೆಗಳ ಡಬ್ಬಿ ಬಂತು. ಅದು ತಿನ್ನುವುದನ್ನು ಬಿಟ್ಟಾಗ, ನಮ್ಮನೆ ನೀರು ಕುಡಿದು ಇದೂ ಸಸ್ಯಾಹಾರಿಯಾಯಿತು ಎಂದು ಫೋನಿನಲ್ಲಿ ಇಬ್ಬರೂ ನಕ್ಕಿದ್ದೆವು.

ವೈದ್ಯರು ಬೆಳಕು ಬಿಟ್ಟು ನೋಡಿದರು. ಎರಡೂ ಕಣ್ಣಿಗೆ ಪೊರೆ. ಎದುರಿಗೆ ಓಡಾಡುವ ಮಿಡತೆ ಅದಕ್ಕೆ ಕಾಣುತ್ತಲೇ ಇರಲಿಲ್ಲ.

"ವಯಸ್ಸಾಯಿತು. ಈ ಕಣ್ಣು ಇನ್ನು ಯಾತಕ್ಕೂ ಬರೋದಿಲ್ಲ. ಸೂಜಿ ಹಾಕಿ ಶಾಂತವಾಗಿ ಮಲಗಿಸಿಬಿಡೋಣ," ಎಂದರು, ಕಾಫಿಗೆ ಕರೆಯುವಷ್ಟು ಮೆಲ್ಲಗೆ. ನನಗೆ ಸಿಟ್ಟು ನೆತ್ತಿಗೇರಿತು. ಪೊರೆ ಬಂದವರನ್ನೆಲ್ಲ ಮಲಗಿಸುವುದಾದರೆ ನಮ್ಮ ವಂಶದಲ್ಲಿ ಒಬ್ಬರೂ ಉಳಿಯುತ್ತಿರಲಿಲ್ಲ. ಒಂದು ವಾರ ಕೊಡಿ ಎಂದು ಎದ್ದು ಬಂದೆ.

"ಅಮ್ಮಾ, ಪ್ಲೀಸ್, ಲೆಟ್ ಹಿಮ್ ಗೋ," ಎಂದು ಮಗಳು ಫೋನಿನಲ್ಲಿ ಅತ್ತಳು.

"ಸುಮ್ನಿರೇ. ಹಸ್ಕೊಂಡಿರೋದನ್ನ ಯಾರಾದ್ರೂ ಹಾಗೇ ಕಳಿಸ್ತಾರಾ?"

ಎರೆಹುಳು ತಂದೆ. ಚಿಮುಟದಲ್ಲಿ ಕೊಟ್ಟರೆ ಉಕ್ಕು ತಾಗಿ ಮುಖ ತಿರುಗಿಸಿತು. ಎಡಗೈಯಲ್ಲಿ ಹಿಡಿದೆ. ಬಲಗೈ ಉಣ್ಣುವ ಕೈ, ದೇವರಿಗೆ ಹೂವೇರಿಸುವ ಕೈ. ಅದಕ್ಕೆ ಹುಳು ಹೇಗೆ ಸೋಕಿಸಲಿ? ಆದರೆ ಪಳಗದ ಎಡಗೈಯಿಂದ ಹುಳು ಜಾರಿ ಜಾರಿ ಬಿತ್ತು. ಕಪ್ಪೆ ತಲೆ ತಗ್ಗಿಸಿಕೊಂಡು ಕೂತೇ ಇತ್ತು. ಎಡಗೈಯಲ್ಲಿ ಯಾರಿಗಾದರೂ ತುತ್ತು ಕೊಡುತ್ತಾರೆಯೇ ಎಂದು ನನ್ನ ಮೇಲೆಯೇ ರೇಗಿತು. ಕಣ್ಣು ಹೋದ ಅಜ್ಜಿಗೆ ಅಮ್ಮ ಉಣಿಸುತ್ತಿದ್ದದ್ದು ನೆನಪಾಯಿತು. ತುತ್ತನ್ನು ಮೊದಲು ತುಟಿಗೆ ಮುಟ್ಟಿಸಿ, ಅಜ್ಜಿ ಬಾಯಿ ತೆರೆಯುವವರೆಗೂ ಕಾಯುತ್ತಿದ್ದಳು.

ಬಲಗೈಯಲ್ಲಿ ಹುಳು ಎತ್ತಿ ಕಪ್ಪೆಯ ತುಟಿಗೆ ಮುಟ್ಟಿಸಿದೆ. ಕಾದೆ. ಗಬಕ್ಕನೆ ಹುಳುವಿನ ಜೊತೆ ನನ್ನ ಬೆರಳನ್ನೂ ಹಿಡಿಯಿತು. ಹಲ್ಲಿಲ್ಲದ, ತಣ್ಣನೆಯ ಬಾಯಿ. ಆಮೇಲೆ ಎರಡೂ ಮುಂಗಾಲುಗಳಿಂದ ಹುಳುವನ್ನು ಒಳಗೆ ತುರುಕಿಕೊಂಡಿತು. ನಾನು ನೆಲದ ಮೇಲೆ ಕೂತು ಅತ್ತುಬಿಟ್ಟೆ. ಆಮೇಲೆ ಸೋಪು ಹಾಕಿ ಕೈ ತೊಳೆದು, ಅದೇ ಕೈಯಲ್ಲಿ ಮೊಸರನ್ನ ಕಲಸಿ ಉಂಡೆ. ಯಾವ ದೇವರೂ ಬಂದು ಕೇಳಲಿಲ್ಲ.

ವಾರ ಕಳೆದು ವೈದ್ಯರ ಮೇಜಿನ ಮೇಲೆ, ಅವರೆದುರೇ ಉಣಿಸಿದೆ. ನುಂಗುವಾಗ ಕಪ್ಪೆ ತನ್ನ ಕಣ್ಣುಗುಡ್ಡೆಗಳನ್ನು ಒಳಕ್ಕೆ ಎಳೆದುಕೊಳ್ಳುತ್ತದೆ; ತುತ್ತನ್ನು ಗಂಟಲಿಗೆ ತಳ್ಳಲು ಅವೂ ಕೈಜೋಡಿಸುತ್ತವೆ. ಪೊರೆ ಕಟ್ಟಿದ ಆ ಕಣ್ಣುಗಳು ಮುಳುಗಿದವು, ಮತ್ತೆ ಮೇಲೆ ಬಂದವು.

"ಯಾತಕ್ಕೂ ಬರೋದಿಲ್ಲ ಅಂದ್ರಲ್ಲ," ಎಂದೆ. "ನೋಡಿ, ಊಟ ಮಾಡ್ತಿವೆ."

ಅವರು ಅದನ್ನು ತೂಗಲು ಎತ್ತಿಟ್ಟರು. ಈ ಸಲ ಅದು ತಕ್ಕಡಿಯಲ್ಲಿ ನಿಲ್ಲಲಿಲ್ಲ.