ಗುಡ್ಡದ ಸೈಕಲ್ ದಾರಿಯೂ ಕೋಳಿ ಪುಕ್ಕವೂ

ದಾರಿ ಮಾಡುವುದನ್ನು ಕಲಿತ ದಿನವೇ ಮನುಷ್ಯ ನಾಗರಿಕನಾದ. ಹೈಸ್ಕೂಲಿನಲ್ಲಿ ಸಮಾಜ ವಿಜ್ಞಾನ ಹೇಳುತ್ತಿದ್ದ ಕಾಲದಲ್ಲಿ ಈ ವಾಕ್ಯವನ್ನು ಕಪ್ಪು ಹಲಗೆಯ ಮೇಲೆ ಬರೆದು, ಕೆಳಗೆ ಎರಡು ಗೆರೆ ಎಳೆದು, ಪರೀಕ್ಷೆಗೆ ಬರುತ್ತದೆ ಎಂದು ಹೆದರಿಸಿ ಎಷ್ಟೋ ಮಕ್ಕಳಿಗೆ ಬಾಯಿಪಾಠ ಮಾಡಿಸಿದ್ದೇನೆ. ಆ ಮಕ್ಕಳು ಎಲ್ಲಿದ್ದರೂ ಅದನ್ನು ಹೊಡೆದುಹಾಕಬೇಕೆಂದು ವಿನಂತಿ. ನಿವೃತ್ತನಾದ ಮೇಲೆ ನಾನೇ ಒಂದು ದಾರಿ ಮಾಡಿಸಿ ನೋಡಿದೆ.

ನಾವು ಇಬ್ಬರು ಸೈಕಲ್ ಸವಾರರು. ಒಬ್ಬ ನಾನು. ಇನ್ನೊಬ್ಬರು ಪಾರ್ವತಿನಗರದಲ್ಲಿ ನಮ್ಮ ಎದುರು ಮನೆಯವರು. ಬ್ರೂಸ್‌ಪೇಟೆಯಲ್ಲಿ ಹೋಲ್‌ಸೇಲ್ ಬಟ್ಟೆ ವ್ಯಾಪಾರ. ಓಣಿಯವರೆಲ್ಲ ಅವರನ್ನು ಸಾವ್ಕಾರ್ರು ಅನ್ನುತ್ತಾರೆ, ನಾನೂ ಹಾಗೇ ಅನ್ನುತ್ತೇನೆ. ಒಂದೇ ವಾರದಲ್ಲಿ ಇಬ್ಬರಿಗೂ ಸಕ್ಕರೆ ಕಾಯಿಲೆ ಗೊತ್ತಾಯಿತು. ವಾಕಿಂಗ್ ಮಾಡಿರಿ ಎಂದರು ಡಾಕ್ಟರು. ವಾಕಿಂಗ್ ಅಂದರೆ ಅಂಗಡಿ ಇಲ್ಲದವರು ಮಾಡುವ ಕೆಲಸ ಎಂದು ಸಾವ್ಕಾರ್ರ ಅಭಿಪ್ರಾಯ. ದಪ್ಪ ಟೈರಿನ ಗೇರ್ ಸೈಕಲ್ ತರಿಸಿದರು. ತಾವೊಬ್ಬರೇ ಹೋದರೆ ಜನ ನಗುತ್ತಾರೆಂದು ನನಗೂ ಒಂದು ತಗೊಳ್ಳಲು ಹಚ್ಚಿದರು. ಆಮೇಲೆ ಜನ ಇಬ್ಬರನ್ನೂ ನೋಡಿ ನಕ್ಕರು.

ಮೊದಲು ನಾವು ತುಳಿದದ್ದು ಸಿರುಗುಪ್ಪ ರಸ್ತೆ. ಬೆಳಗಿನ ಗಾಳಿ ತಂಪಾಗಿರುತ್ತದೆ ಅನ್ನುವವರು ಲಾರಿಯ ಹಿಂದೆ ಸೈಕಲ್ ಹೊಡೆದು ನೋಡಬೇಕು. ಮನೆಗೆ ಬಂದು ಮುಖ ಒರೆಸಿದರೆ ಟವಲ್ಲು ಕಪ್ಪಾಗುತ್ತಿತ್ತು. ಅಷ್ಟಾದರೂ ಸಾವ್ಕಾರ್ರಿಗೆ ಆ ಎರಡು ತಾಸೇ ಬದುಕು. ಅಂಗಡಿಯಲ್ಲಿ ದಿನವಿಡೀ ಗಿರಾಕಿಗಳ ಹತ್ತಿರ ತಲೆಯಾಡಿಸುವ ಮನುಷ್ಯ, ಸೈಕಲ್ ಹತ್ತಿದರೆ ಲಾರಿ ಡ್ರೈವರುಗಳಿಗೆ ಕನ್ನಡ, ತೆಲುಗು, ಉರ್ದು ಮೂರರಲ್ಲೂ ಬೈಯುತ್ತಿದ್ದರು. ಮೈ ಹಗುರಾಗುತ್ತಿತ್ತಂತೆ.

ಸಿರುಗುಪ್ಪದ ಕಡೆ ಸುಗ್ಗಿಯ ಮೇಲೆ ಅರ್ಧ ರಸ್ತೆ ಭತ್ತದ್ದು. ಡಾಂಬರಿನ ಮೇಲೆ ಉದ್ದಕ್ಕೂ ಹರವಿ, ಅಂಚಿಗೆ ತಲೆಗಾತ್ರದ ಕಲ್ಲು ಇಟ್ಟಿರುತ್ತಾರೆ. ಉಳಿದ ಅರ್ಧ ಲಾರಿಗಳದ್ದು. ಸೈಕಲ್ಲಿನವರಿಗೆ ಯಾವ ಅರ್ಧ ಎಂಬುದು ಇನ್ನೂ ತೀರ್ಮಾನವಾಗಿಲ್ಲ. ಒಂದು ದಿನ ಹಿಂದಿನಿಂದ ಹಾರ್ನು ಹೊಡೆದ ರಭಸಕ್ಕೆ ಸಾವ್ಕಾರ್ರು ಎಡಕ್ಕೆ ಸರಿದು ಭತ್ತದ ಮೇಲೆ ಏರಿದರು. ಭತ್ತದ ಮೇಲೆ ಟೈರು ನಿಲ್ಲುವುದಿಲ್ಲ. ಹತ್ತು ಮಾರು ಜಾರಿಕೊಂಡು ಹೋಗಿ ಅಂಗಾತ ಬಿದ್ದರು. ಕಾಲಿನಿಂದ ಭತ್ತ ತಿರುವುತ್ತಿದ್ದ ಹೆಂಗಸು ಓಡಿ ಬಂದಳು.

"ಯಪ್ಪಾ, ನೆಲ್ಲಿನ ಮ್ಯಾಲೆ ಯಾಕ ಮಲಗೀರಿ? ಏಳ್ರಿ ಏಳ್ರಿ, ನುಚ್ಚಾಗತೈತಿ."

"ಅವ್ವಾ, ನನ್ನ ಎಲುಬೇ ನುಚ್ಚಾಗೈತಿ," ಅಂದರು ಸಾವ್ಕಾರ್ರು.

"ಹಂಗಾರ ಆ ಕಡೆ ಹೋಗಿ ಮಲಗ್ರಿ."

ಭುಜದ ಎಲುಬು ಮುರಿದಿತ್ತು. ಎರಡು ತಿಂಗಳು ಅವರು ಕೈಯನ್ನು ಕೊರಳಿಗೆ ಕಟ್ಟಿಕೊಂಡು ಕಿಟಕಿಯಲ್ಲಿ ಕೂತು, ಉಪವಾಸದವನು ಹೋಟೆಲಿನ ಕಡೆ ನೋಡುವಂತೆ ನನ್ನ ಸೈಕಲ್ಲಿನ ಕಡೆ ನೋಡಿದರು. ಕಟ್ಟು ಬಿಚ್ಚಿದ ದಿನ ಅವರ ಹೆಂಡತಿ ನನ್ನನ್ನು ಕರೆಸಿ ತೀರ್ಪು ಕೊಟ್ಟರು.

"ಅಣ್ಣಾರ, ನಿಮ್ಮ ಮುಂದ ಹೇಳಿರ್ತೀನಿ. ಇನ್ನೊಂದ್ಸಲ ಇವರು ಲಾರಿ ಓಡಾಡೋ ರಸ್ತೆಗೆ ಕಾಲಿಟ್ರ, ಆ ಸೈಕಲ್ ಗುಜರಿಗೆ ಹಾಕ್ತೀನಿ. ಲಾರಿ ಇಲ್ಲದ ಕಡಿ ಎಲ್ಲಿ ಬೇಕಾದ್ರೂ ತುಳೀಲಿ, ನಾನು ಬ್ಯಾಡ ಅನ್ನಂಗಿಲ್ಲ."

ಬಳ್ಳಾರಿ ಸೀಮೆಯಲ್ಲಿ ಲಾರಿ ಇಲ್ಲದ ದಾರಿ! ಆದರೂ ಸಿಕ್ಕಿತು. ಸಂಗನಕಲ್ಲು ದಾಟಿ ಕುರುಗೋಡಿನ ಕಡೆ ಹೋಗುವಾಗ ಒಂದು ಒಂಟಿ ಗುಡ್ಡ. ಅದರ ಬುಡದಲ್ಲಿ ಸಾವ್ಕಾರ್ರ ಹೆಂಡತಿಯ ತಮ್ಮನ ಬೀಳು ಹೊಲ. ಹೊಲದ ನಡುವೆ ಮೇಕೆಗಳು ಮಾಡಿಕೊಂಡ ಸಣ್ಣ ಹಾದಿ, ಅದು ಮುಗಿದಲ್ಲಿಂದ ಬರೀ ಬಂಡೆ. ಬಂಡೆಯ ಮೇಲೆ ಸೈಕಲ್ ಏರಿಸಿದರೆ ಎರಡು ಗುಂಡುಕಲ್ಲುಗಳ ನಡುವೆ ತೂರಿಕೊಂಡು ನೆತ್ತಿಗೆ ಹೋಗಬಹುದು. ಅಲ್ಲಿಂದ ಸಿರುಗುಪ್ಪ ರಸ್ತೆಯ ಲಾರಿಗಳು ಇರುವೆಯಷ್ಟೇ ಕಾಣುತ್ತವೆ. ಸದ್ದು ಕೇಳಿಸುವುದಿಲ್ಲ. ಹೊಲದ ಅಂಚಿನವರೆಗೆ ಸೈಕಲ್ಲುಗಳನ್ನು ನನ್ನ ಕಾರಿಗೆ ಕಟ್ಟಿಕೊಂಡು ಹೋಗುವುದೆಂದು ತೀರ್ಮಾನವಾಯಿತು. ರಸ್ತೆಗೆ ಕಾಲಿಡಬಾರದು ಎಂಬ ತೀರ್ಪಿಗೆ ಇದರಿಂದ ಭಂಗವಿಲ್ಲ.

ತೊಡಕು ಒಂದೇ, ಜಾಲಿ. ಈ ಗಿಡಕ್ಕೆ ನಾಡಿನ ಜನ ನಮ್ಮ ಊರಿನ ಹೆಸರನ್ನೇ ಇಟ್ಟಿದ್ದಾರೆ, ಬಳ್ಳಾರಿ ಜಾಲಿ. ಮೈಸೂರಿಗೆ ಮಲ್ಲಿಗೆ ಸಿಕ್ಕಿತು, ನಮಗೆ ಇದು. ಮೊದಲ ವಾರದಲ್ಲೇ ಸಾವ್ಕಾರ್ರ ಟ್ಯೂಬಿನಲ್ಲಿ ಟ್ಯೂಬಿಗಿಂತ ತೇಪೆ ಹೆಚ್ಚಾಯಿತು. ಕೊಡಲಿಯವನೊಬ್ಬನನ್ನು ಕರೆದು ಎರಡು ಅಡಿ ಅಗಲ ಸವರಿಸೋಣ, ಸೈಕಲ್ಲಿಗೆ ಸಾಕು ಎಂದೆ.

"ಎರಡಡಿ?" ಸಾವ್ಕಾರ್ರು ನನ್ನನ್ನು ಕನಿಕರದಿಂದ ನೋಡಿದರು. "ಮೇಷ್ಟ್ರ, ನಾನು ಹೋಲ್‌ಸೇಲ್ ಮನುಷ್ಯ. ಕಟ್ ಪೀಸ್ ವ್ಯವಹಾರ ನನ್ನ ಕಡಿಂದ ಆಗಂಗಿಲ್ಲ."

ಜೆಸಿಬಿ ಬಂತು. ಹೆಂಡತಿಯ ತಮ್ಮ ಸಂತೋಷದಿಂದ ಒಪ್ಪಿದ. "ಮಾಡಸ್ರಿ ಮಾವಾ, ಹೊಲ ನಿಮ್ದಾ" ಅಂದ. ಒಂದೇ ದಿನದಲ್ಲಿ ರಸ್ತೆಯಂಚಿನಿಂದ ಬಂಡೆಯ ಬುಡದವರೆಗೆ ಹತ್ತಡಿ ಅಗಲದ ದಾರಿ, ಮದುವೆ ಮೆರವಣಿಗೆ ಹೋಗುವಷ್ಟು. ನಾನೂ ಸುಮ್ಮನೆ ಕೂಡಲಿಲ್ಲ. ನಸುಕಿನಲ್ಲಿ ಕಾಣಲಿ ಎಂದು ಎರಡೂ ಬದಿಗೆ ಕಲ್ಲು ಇಡಿಸಿ ಸುಣ್ಣ ಬಳಿದೆ. ರಸ್ತೆಯ ಬಾಯಲ್ಲಿದ್ದ ದೊಡ್ಡ ಗುಂಡಿನ ಮೇಲೆ ಒಂದು ಬಾಣದ ಗುರುತು ಬರೆದೆ. ಉದ್ಘಾಟನೆಗೆ ಕಾಯಿ ಒಡೆದು, ಟೈರಿನ ಕೆಳಗೆ ನಿಂಬೆಹಣ್ಣು ಇಟ್ಟೆವು. ದಾರಿ ಮತ್ತು ನಾಗರಿಕತೆ ಎಂಬ ವಿಷಯವಾಗಿ ನಾನು ನಾಲ್ಕು ಮಾತಾಡಿದೆ. ಸಾವ್ಕಾರ್ರು, ಜೆಸಿಬಿ ಡ್ರೈವರು ಮತ್ತು ಏಳೆಂಟು ಮೇಕೆಗಳು ಕೇಳಿದವು.

ಹನ್ನೊಂದು ದಿನ ಸುಖವಾಗಿದ್ದೆವು. ಒಂಬತ್ತನೆಯ ದಿನ ಸಾವ್ಕಾರ್ರು ಎಲ್ಲೂ ಕಾಲೂರದೆ ನೆತ್ತಿ ಮುಟ್ಟಿದರು. ಮುರಿದ ಭುಜದ ಕೈಯನ್ನೇ ಮೇಲೆತ್ತಿ, "ಮೇಷ್ಟ್ರ! ಸಕ್ಕರಿ ಗಿಕ್ಕರಿ ಎಲ್ಲಾ ಸುಳ್ಳು!" ಎಂದು ಕೂಗಿದರು. ಹನ್ನೆರಡನೆಯ ದಿನ ವಾಸನೆ ಬಂತು.

ಸಾವ್ಕಾರ್ರು ಸೈಕಲ್ ನಿಧಾನ ಮಾಡಿ ನನ್ನ ಕಡೆ ತಿರುಗಿದರು. "ಮೇಷ್ಟ್ರ, ಹೊಟ್ಟಿ ಸರಿ ಐತಿಲ್ಲೋ?"

ನಾನೂ ಅದನ್ನೇ ಕೇಳಬೇಕೆಂದಿದ್ದೆ. ಅಷ್ಟರಲ್ಲಿ ದಾರಿ ಇಳಿಜಾರಾಗಿ ತಿರುಗಿತು. ತಿರುವಿನಲ್ಲಿ ಅದು ಬಿದ್ದಿತ್ತು. ಒಡೆದ ಪ್ಲಾಸ್ಟಿಕ್ ಚೀಲಗಳು, ಅವುಗಳಿಂದ ಹೊರಬಿದ್ದ ಕೋಳಿ ಪುಕ್ಕ, ಕರುಳು, ತಲೆ. ಹಳದಿ ಕಾಲುಗಳು ರಾಶಿರಾಶಿ, ಪಾಠದಲ್ಲಿ ಪ್ರಶ್ನೆ ಕೇಳುವವರ ಹಾಗೆ ಬೆರಳೆತ್ತಿಕೊಂಡಿದ್ದವು. ಸಾವ್ಕಾರ್ರು ಬ್ರೇಕು ಹಿಡಿದರು. ಭತ್ತದ ಮೇಲೆ ಟೈರು ನಿಲ್ಲುವುದಿಲ್ಲ ಎಂದೆನಲ್ಲ, ಕರುಳಿನ ಮೇಲಂತೂ ಕೇಳಲೇಬೇಡಿ. ಅವರು ರಾಶಿಯ ಈ ಕಡೆ ಹೊಕ್ಕು ಆ ಕಡೆ ಹೊರಬಂದರು. ಬೆವರಿದ ಮೈಗೆ ಬಿಳಿ ಪುಕ್ಕ ಅಂಟಿತ್ತು. ಚೈನಿಗೆ ಒಂದು ಕರುಳು ಮೂರು ಸುತ್ತು ಸುತ್ತಿಕೊಂಡಿತ್ತು. ಶ್ರಾವಣದಲ್ಲಿ ಈರುಳ್ಳಿಯನ್ನೂ ಮುಟ್ಟದ ಮನುಷ್ಯ ಅವರು. ಕಣ್ಣು ಮುಚ್ಚಿ, ಕೈ ಅಗಲಿಸಿ ನಿಂತುಬಿಟ್ಟರು. ಜಾಲಿಯ ಕಡ್ಡಿ ಮುರಿದು ಕರುಳನ್ನು ಬಿಚ್ಚಿದವನು ನಾನು. ಹುಳಗಳು ಆಗಲೇ ಕೆಲಸ ಶುರು ಮಾಡಿದ್ದವು. ಮೂಗು ಮುಚ್ಚಿಕೊಳ್ಳಲು ಕೈ ಎತ್ತಿದೆ. ಕೈಗೂ ಅದೇ ವಾಸನೆ.

ಆಗಲೇ ಒಂದು ಟ್ರಾಕ್ಟರು ಬಂತು. ಟ್ರೇಲರಿನ ತುಂಬ ಅವೇ ಚೀಲಗಳು. ಡ್ರೈವರು ಐವತ್ತರ ಆಸುಪಾಸಿನ, ಒಳ್ಳೆಯ ಮಾತಿನ ಮನುಷ್ಯ. ಇಳಿದು ಕೈ ಮುಗಿದ.

"ಯಜಮಾನ್ರ, ಈ ದಾರಿ ಮಾಡಿಸಿದ ಪುಣ್ಯಾತ್ಮರು ನೀವೇ ಏನ್ರಿ? ಮೊದ್ಲು ಈ ಕೋಳಿ ಅಂಗಡಿ ಹೊಲಸು ಚೆಲ್ಲಾಕ ಎಲ್ಲೆಲ್ಲೋ ತಿರುಗ್ತಿದ್ದೆ. ಹೋದ ಕಡಿ ಎಲ್ಲಾ ಬೈತಿದ್ರು. ಅದರಾಗ ಸುಣ್ಣ ಬ್ಯಾರೆ ಬಳಿದೀರಿ, ನಸುಕಿನ್ಯಾಗೂ ಕಾಣತೈತಿ. ಬಾಣದ ಗುರುತು ನೋಡೇ ನಾನು ಒಳಗ ಬಂದಿದ್ದು."

"ಇದು ಸೈಕಲ್ ದಾರಿ," ಎಂದೆ, ಹೆಡ್‌ಮಾಸ್ತರ ದನಿಯಲ್ಲಿ.

"ಸೈಕಲ್ಲೂ ಹೋಗ್ಲಿ ಬಿಡ್ರಿ. ನಾವೇನು ಬ್ಯಾಡ ಅಂದೀವಾ?"

ಸಾವ್ಕಾರ್ರು ಅಲ್ಲಿಂದಲೇ ಹೆಂಡತಿಯ ತಮ್ಮನಿಗೆ ಫೋನ್ ಹಚ್ಚಿದರು. ನಿನ್ನ ಹೊಲದಾಗ ಯಾರೋ ಕೋಳಿ ಹೊಲಸು ಚೆಲ್ಲಾಕತ್ಯಾರ ಎಂದು ಕೂಗಿದರು.

"ನಾನೇ ಹೂಂ ಅಂದೀನಿ ಮಾವಾ," ಅಂದ ಆತ. "ಪುಕ್ಕಟೆ ಗೊಬ್ಬರ. ಬರೋ ವರ್ಷ ಮೆಣಸಿನಕಾಯಿ ಹಾಕ್ತೀನಿ. ದಾರಿ ಇಲ್ಲದ ಹೊಲಕ್ಕ ದಾರಿ ಮಾಡಿಕೊಟ್ರಿ. ನಿಮ್ಮ ಉಪಕಾರ ಸಾಯೋತನಕ ಮರೆಯಂಗಿಲ್ಲ."

ಹೆಂಡತಿಯ ತಮ್ಮ, ಅವನದೇ ಹೊಲ. ಏನು ಜಗಳ ಆಡುವುದು? ಮರುದಿನ ನಾವಿಬ್ಬರೂ ಮಾಡಿದ ಕೆಲಸವನ್ನು ಹೇಳಿಕೊಳ್ಳಲು ನಾಚಿಕೆ. ಜೆಸಿಬಿ ಕಿತ್ತು ಬದಿಗೆ ಗುಡ್ಡೆ ಹಾಕಿದ್ದ ಜಾಲಿಯನ್ನು, ಕೈ ಗೀರಿಸಿಕೊಂಡು, ಒಂದೊಂದಾಗಿ ಎಳೆದು ತಂದು ದಾರಿಯ ಬಾಯಿಗೆ ಅಡ್ಡ ಒಟ್ಟಿದೆವು. ಟ್ರಾಕ್ಟರು ಅದರ ಮೇಲೇ ಹೋಗಿ ಬಂತು. ಅದಕ್ಕೆ ಏನೂ ಆಗಲಿಲ್ಲ. ಮುಳ್ಳು ಮಾತ್ರ ಪುಡಿಯಾಗಿ, ಬಿತ್ತಿದ ಹಾಗೆ, ದಾರಿಯುದ್ದಕ್ಕೂ ಹರಡಿತು. ಮೂರನೆಯ ದಿನ ನಮ್ಮ ನಾಲ್ಕೂ ಟೈರು ಪಂಚರ್. ಅಷ್ಟು ಹೊತ್ತಿಗೆ ನಾಯಿಗಳಿಗೂ ಸುದ್ದಿ ಮುಟ್ಟಿತ್ತು. ಹೊಟ್ಟೆ ತುಂಬಿದ ನಾಯಿ ಸೌಮ್ಯವಾಗಿರುತ್ತದೆ ಎಂದು ನಾನು ಎಲ್ಲೋ ಓದಿದ್ದೆ. ಬರೆದವರು ಸೈಕಲ್ ತಳ್ಳಿಕೊಂಡು ಅವುಗಳ ನಡುವೆ ಬಂದವರಲ್ಲ.

ಆ ದಿನ ವಾಸನೆ ಹೊತ್ತು ಬಂದ ನಮ್ಮನ್ನು ಮನೆಯ ಗೇಟಿನಲ್ಲೇ ಸಾವ್ಕಾರ್ರ ಹೆಂಡತಿ ತಡೆದರು. "ಅಲ್ಲೇ ನಿಲ್ರಿ, ಒಳಗ ಬರಬ್ಯಾಡ್ರಿ. ಅಣ್ಣಾರ, ನೀವೂ ದೂರ ನಿಲ್ರಿ." ಇಬ್ಬರ ಮೇಲೂ ಕೊಡಗಟ್ಟಲೆ ನೀರು ಸುರಿದರು. ಓಣಿಯವರು ನೋಡಿದರು.

ಮುಂದಿನ ಭಾನುವಾರ ಸಾವ್ಕಾರ್ರು ಬೆಳಗಾಗುವ ಮುಂಚೆ ನನ್ನ ಬಾಗಿಲಲ್ಲಿ ನಿಂತಿದ್ದರು. ಕಾರಿನ ಮಾತೆತ್ತಲಿಲ್ಲ. "ಕುರುಗೋಡು ರಸ್ತಿಯಾಗ ಎರಡೇ ಕಿಲೋಮೀಟರ್ ಮೇಷ್ಟ್ರ. ಅಷ್ಟೇ. ಹೋಗಿ ಬಂದುಬಿಡೋಣ. ಆಕೆಗೆ ಯಾರು ಹೇಳ್ತಾರ?"

ಹೋದೆವು. ಎರಡು ಹತ್ತಾಯಿತು. ಲಾರಿಗಳಿಗೆ ಅವರು ಮೂರು ಭಾಷೆಯಲ್ಲಿ ಬೈದರು. ಎದುರಿನಿಂದ ಬೈಕಿನಲ್ಲಿ ಬಂದ ಹೆಂಡತಿಯ ತಮ್ಮ ನಮ್ಮನ್ನು ನೋಡಿ ಕೈ ಬೀಸಿದ. ಉಪಕಾರ ಸ್ಮರಣೆ ಇದ್ದ ಮನುಷ್ಯ. ನೇರ ಅಕ್ಕನ ಮನೆಗೆ ಹೋಗಿ, ಚಹಾ ಕುಡಿಯುತ್ತ, ಭಾವನನ್ನು ಹೊಗಳಿದ.

"ಮಾವ ಸೈಕಲ್ ಎಷ್ಟು ಚೆಂದ ಹೊಡೀತಾರ ಅಕ್ಕಾ! ಎರಡು ಲಾರಿ ನಡುವ, ಒಂದೀಟೂ ಅಂಜಂಗಿಲ್ಲ!"

ಗುಜರಿಯವನು ಮಂಗಳವಾರ ಬಂದು ಸೈಕಲ್ ತಗೊಂಡು ಹೋದ.