ಕುದುರೆಯನ್ನು ಒಂಟಿಯಾಗಿ ಇಡುವಂತಿಲ್ಲ

ಎಮ್ಮೆಂಟಾಲ್ ಗುಡ್ಡದ ಕ್ಲಾರಾ ವ್ಯೂತ್ರಿಷ್ ಗಂಡನಿದ್ದಾಗ ಕುದುರೆ ಗಾಡಿಯಲ್ಲಿ ಹಾಲು ಸಾಗಿಸಿದವಳು. ಈಗ ಹಸುಗಳಿಲ್ಲ, ಗಂಡನೂ ಇಲ್ಲ. ಉಳಿದದ್ದು ಮುದಿ ಕುದುರೆ ಫ್ಲೋರಿ ಮಾತ್ರ. ಅದರ ಜೊತೆಯ ಕುದುರೆ ವಸಂತದಲ್ಲಿ ಸತ್ತಿತ್ತು.

ಪಕ್ಕದ ಜಮೀನಿನ ಸೌಗ್ ಜೊತೆ ಮಾತು ಬಿಟ್ಟು ವರ್ಷಗಳೇ ಆಗಿದ್ದವು. ಇಸ್ಪೀಟಾಟದಲ್ಲಿ ಕ್ಲಾರಾ ಜೊತೆಗಾರನಿಗೆ ಕಣ್ಸನ್ನೆ ಮಾಡಿ ಮೋಸದಿಂದ ಆಡಿದಳೆಂದು ಅವನು ಎಲ್ಲರೆದುರು ಅಂದ. ಅವಳು ಅವನ ಬಿಯರನ್ನು ಅವನ ತೊಡೆಗೇ ಸುರಿದಳು. ಮರುವಾರ ಎರಡು ಹುಲ್ಲುಗಾವಲುಗಳ ನಡುವೆ ಆಳೆತ್ತರದ ಹಲಗೆಗೋಡೆ ಎದ್ದಿತ್ತು.

ಶರತ್ಕಾಲದಲ್ಲಿ ಪಶು ತಪಾಸಣೆಯವನು ಬಂದ.

“ಅಮ್ಮಾ, ಕುದುರೆಗೆ ಇನ್ನೊಂದು ಕುದುರೆ ಕಾಣ್ಬೇಕು, ಕೇಳಿಸ್ಬೇಕು, ಅದರ ವಾಸನೆ ಸಿಗ್ಬೇಕು. ಕಾನೂನು. ಹಿಮ ಬೀಳೋದ್ರೊಳಗೆ ಜೊತೆ ಮಾಡಿ, ಇಲ್ಲಾ ಬೇರೆಯವರಿಗೆ ಕೊಟ್ಬಿಡಿ.”

“ಈ ವಯಸ್ಸಲ್ಲಿ ಇನ್ನೊಂದು ಕುದುರೆನಾ? ನಾನು ಸತ್ರೆ ಅದನ್ನ ಯಾರು ನೋಡ್ತಾರೆ?”

“ಗೋಡೆ ಆಚೆ ಒಂಟಿ ಕುದುರೆ ಒಂದಿದೆಯಲ್ಲ, ಗೋಡೆ ತೆಗೆದ್ರೆ ಸಾಕು. ಅವರಿಗೂ ಇದೇ ಮಾತು ಹೇಳಿ ಬಂದೆ.”

ಫ್ಲೋರಿಯನ್ನು ಕಳಿಸುವುದೆಂದರೆ ಕರುಳು ಕಿತ್ತು ಕೊಟ್ಟಂತೆ. ಹಾಗಂತ ಸೌಗ್‌ನ ಬಾಗಿಲಲ್ಲಿ ಹೋಗಿ ನಿಲ್ಲುವುದೇ? ಎಷ್ಟೋ ದಿನ ಹಲ್ಲು ಕಚ್ಚಿಕೊಂಡು ಇದ್ದಳು. ಕೊನೆಗೊಂದು ಬೆಳಿಗ್ಗೆ ಗೋಡೆಯಾಚೆ ಅವನ ಕೆಮ್ಮು ಕೇಳಿದಾಗ, ಕುದುರೆಯ ಬೆನ್ನುಜ್ಜುತ್ತಾ ಗಟ್ಟಿಯಾಗಿ ಅಂದಳು:

“ಫ್ಲೋರಿ, ಕೆಲವರಿಗೆ ತಾವು ಕಟ್ಟಿದ ಗೋಡೆ ಕೀಳೋಕೂ ತ್ರಾಣ ಇಲ್ಲ ಅಂತ ಕಾಣ್ಸುತ್ತೆ.”

ಆಚೆಯಿಂದ ಸೌಗ್ ತನ್ನ ಕುದುರೆಗೆ ಹೇಳಿದ: “ಫ್ಯಾನಿ, ಕೆಲವರು ಬಾಯಿಬಿಟ್ಟು ಕೇಳಿದ್ರೆ ಗೋಡೆ ಯಾವತ್ತೋ ಹೋಗ್ತಿತ್ತು.”

“ಕೇಳೋಕೆ ನಾವೇನು ಭಿಕ್ಷುಕರಾ, ಫ್ಲೋರಿ? ಅವರ ಕುದುರೆನೂ ಹೋಗುತ್ತೆ, ಗೊತ್ತಿದ್ಯಂತಾ?”

ಗೋಡೆಯಲ್ಲಿ ಮೊಳೆ ಕಿರುಗುಟ್ಟಿತು. ಒಂದು ಹಲಗೆ ದೊಪ್ಪನೆ ಬಿತ್ತು, ಸಂದಿಯಲ್ಲಿ ಸೌಗ್‌ನ ಬೋಳುತಲೆ ಕಾಣಿಸಿತು.

“ಅಯ್ಯೋ ಮಂಕೇ, ಅಲ್ಯಾಕೆ ಕಿತ್ತೆ? ಅಲ್ಲೆಲ್ಲಾ ಕೆಸರು!” ಕುದುರೆಯನ್ನು ಮರೆತು ಕ್ಲಾರಾ ನೇರ ಅವನ ಮೇಲೇ ಕೂಗಿದಳು.

“ನನ್ನ ಗೋಡೆ, ನನ್ನಿಷ್ಟ!”

ತಪಾಸಣೆಯವನು ಮತ್ತೆ ಬಂದಾಗ ಗೋಡೆಯೇ ಇರಲಿಲ್ಲ. ಫ್ಲೋರಿ ಮತ್ತು ಫ್ಯಾನಿ ಒಂದರ ಕುತ್ತಿಗೆ ಇನ್ನೊಂದು ಕೆರೆಯುತ್ತಾ ನಿಂತಿದ್ದವು. ಯಜಮಾನರಿಬ್ಬರೂ ನೀರಿನ ತೊಟ್ಟಿ ಎಲ್ಲಿಡಬೇಕೆಂದು ಜಗಳಕ್ಕೆ ಬಿದ್ದಿದ್ದರು.

“ಎಲ್ಲಾ ಸರಿಯಾಗಿದ್ಯಾ?” ಎಂದು ಅವನು ಕೇಳಿದ.

“ಸ್ವಲ್ಪ ಸುಮ್ನಿರಪ್ಪಾ!” ಎಂದರು ಇಬ್ಬರೂ.

ಅವನು ನಗುತ್ತಾ ಹೋದ. ಫ್ಲೋರಿ ಇಲ್ಲೇ ಉಳಿಯಿತು. ಕ್ಲಾರಾಗೆ ಆದ ಖುಷಿ ಅಷ್ಟಿಷ್ಟಲ್ಲ. ಗಂಡ ಹೋದ ಮೇಲೆ ಆ ಗುಡ್ಡದಲ್ಲಿ ಅವಳಿಗೆ ಎದುರುತ್ತರ ಕೊಟ್ಟವರೇ ಇರಲಿಲ್ಲ. ಮರುದಿನ ತೊಟ್ಟಿಯ ಜಗಳ ಮುಂದುವರಿಸಲು ಕಾಫಿಯನ್ನೂ ಕುಡಿಯದೆ ಹುಲ್ಲುಗಾವಲಿಗೆ ಓಡಿದಳು.